ಬುರುಡೆ ಬಿರುಕು ಬಿಟ್ಟಿದೆ ಅಂತ ರಿಪೋರ್ಟ್, ಭಾವನಿಗೆ ಇನ್ನೂ ಎಚ್ಚರ ಬಂದಿಲ್ಲ

ಮೂಡಿಗೆರೆ ತೋಟ:
ಮೆಣಸು ಕೊಯ್ಯುವಾಗ ಏಣಿ ಜಾರಿ ನಮ್ಮ ಭಾವ ಸಿಲ್ವರ್ ಮರದಿಂದ ಬಿದ್ದರು. ಎದ್ದು ಕೂತು ನೀರು ಕೇಳಿದರು, ಮಾತೂ ಆಡಿದರು. ಜೀಪು ಹ್ಯಾಂಡ್‌ಪೋಸ್ಟ್ ದಾಟುವಷ್ಟರಲ್ಲಿ ವಾಂತಿ, ಆಮೇಲೆ ಕರೆದರೆ ಓಗೊಡಲಿಲ್ಲ. ಹಾಸನಕ್ಕೆ ತಂದಾಗ ಜಿಸಿಎಸ್, ಅಂದರೆ ಎಚ್ಚರ ಎಷ್ಟಿದೆ ಅಂತ ಅಳೆಯುವ 15ರವರೆಗಿನ ಅಂಕ, 7. ಸಿಟಿ ಸ್ಕ್ಯಾನಿನಲ್ಲಿ ಬಲಗಿವಿಯ ಮೇಲಿನ ಮೂಳೆಗೆ ಗೆರೆಯಂಥ ಬಿರುಕು, ಅದರ ಕೆಳಗೆ ಎಕ್ಸ್‌ಟ್ರಾಡ್ಯೂರಲ್ ರಕ್ತ, ಅಂದರೆ ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ತುಂಬಿದ ರಕ್ತ. ರಾತ್ರಿಯೇ ಆಪರೇಷನ್ ಆಯ್ತು, ಈಗ ವೆಂಟಿಲೇಟರಿನಲ್ಲಿದ್ದಾರೆ. "ಬುರುಡೆಯೇ ಒಡೆದ ಮೇಲೆ ಉಳೀತಾರಾ?" ಅಂತ ಅಕ್ಕ ಕೇಳ್ತಾನೇ ಇದ್ದಾಳೆ. ಏನು ಹೇಳಲಿ?

ಹಾಸನ ಸಿಸ್ಟರ್:
ತಮ್ಮಾ, ನಾನು ನ್ಯೂರೋ ಐಸಿಯುನಲ್ಲಿ ಕೆಲಸ ಮಾಡೋಳು. ಅಕ್ಕನಿಗೆ ಮೊದಲು ಇದನ್ನ ಹೇಳಿ: ಗೆರೆಯಂಥ ಬಿರುಕು ತಾನಾಗಿ ಕೂಡಿಕೊಳ್ಳುತ್ತೆ, ಸಾಮಾನ್ಯವಾಗಿ ಅದಕ್ಕೇ ಅಂತ ಆಪರೇಷನ್ ಬೇಕಾಗಲ್ಲ. ಮೂಳೆ ಒಳಕ್ಕೆ ತಗ್ಗಿ ಮಿದುಳನ್ನ ಒತ್ತಿದ್ದರೆ ಆ ಮಾತು ಬೇರೆ. ನಾವು ಹೆದರೋದು ಮೂಳೆಗಲ್ಲ, ಕೆಳಗಿರೋದಕ್ಕೆ. ಕಿವಿ ಮೇಲಿನ ಮೂಳೆ ತೆಳು, ಅದರ ಒಳಬದಿಗೇ ಒಂದು ರಕ್ತನಾಳ ಹೋಗುತ್ತೆ. ಮೂಳೆ ಸೀಳಿದಾಗ ಅದೂ ಹರಿದರೆ ರಕ್ತ ಮೆಲ್ಲಗೆ ತುಂಬಿ ಮಿದುಳನ್ನ ಒತ್ತುತ್ತೆ. ಭಾವ ಮೊದಲು ಮಾತಾಡಿ ಆಮೇಲೆ ಮಂಪರಾದದ್ದು ಅದಕ್ಕೇ. ಆ ರಕ್ತ ಬೇಗ ತೆಗೆದರೆ ಎಷ್ಟೋ ಜನ ಚೆನ್ನಾಗಿ ಚೇತರಿಸಿಕೊಳ್ತಾರೆ. ನೀವು ನಾಳೆ ನೋಡೋಣ ಅಂತ ತೋಟದಲ್ಲೇ ಮಲಗಿಸಲಿಲ್ಲವಲ್ಲ, ಅದು ದೊಡ್ಡದು.

ಆದರೂ ಜಿಸಿಎಸ್ 8 ಮತ್ತು ಅದಕ್ಕಿಂತ ಕಡಿಮೆ ಅಂದರೆ ತೀವ್ರ ಪೆಟ್ಟೇ, ಸುಳ್ಳು ಧೈರ್ಯ ಹೇಳಲ್ಲ. ಡಾಕ್ಟರನ್ನ ಬಿರುಕಿನ ಬಗ್ಗೆ ಕೇಳಬೇಡಿ. ಎರಡೂ ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತಾ, ನಿದ್ದೆ ಔಷಧಿ ಇಳಿಸಿದಾಗ ಕೈಕಾಲು ಹೇಗೆ ಆಡಿಸ್ತಾರೆ, ಬಿಪಿ, ಆಮ್ಲಜನಕ ಬಿದ್ದಿತ್ತಾ ಅಂತ ಕೇಳಿ. ವಯಸ್ಸೂ ಲೆಕ್ಕಕ್ಕೆ ಬರುತ್ತೆ. ಔಷಧಿ ಓಡ್ತಿರುವಾಗ ಕಣ್ಣು ಬಿಡಲಿಲ್ಲ ಅಂತ ಕಂಗಾಲಾಗಬೇಡಿ.

ಬೇಲೂರು ರಸ್ತೆ:
ನಮ್ಮ ಹುಡುಗ ಬೈಕಿನಿಂದ ಬಿದ್ದಾಗ ಬುರುಡೆಗೆ ಒಂದು ಗೀರೂ ಇರಲಿಲ್ಲ. ಮಿದುಳಿನ ಒಳಗಿನ ನರತಂತುಗಳೇ ಜಗ್ಗಿ ಹರಿದಿವೆ ಅಂದರು. ಎಚ್ಚರವಾಗೋಕೆ ವಾರಗಳೇ ಹಿಡಿದವು, ಈಗಲೂ ಹೆಸರು ಮರೀತಾನೆ, ಬೇಗ ರೇಗ್ತಾನೆ. ಮೂಳೆ ನೆಟ್ಟಗಿದ್ದರೂ ಹೀಗಾಗುತ್ತೆ ನೋಡಿ. ಊತ ಇಳಿಯೋಕೆ ಸ್ಟೀರಾಯ್ಡ್ ಕೊಡ್ತಾರಂತಲ್ಲ, ಕೇಳಿ ನೋಡಿ.

ಹಾಸನ ಸಿಸ್ಟರ್:
ಅಣ್ಣ, ಅದು ಬೇಡ. ಹತ್ತು ಸಾವಿರ ರೋಗಿಗಳ ಮೇಲೆ ನಡೆದ ಕ್ರ್ಯಾಶ್ ಅನ್ನೋ ಹೆಸರಿನ ಅಧ್ಯಯನ 2004ರಲ್ಲಿ ಹೊರಬಂತು. ತಲೆಪೆಟ್ಟಿಗೆ ಸ್ಟೀರಾಯ್ಡ್ ಪಡೆದ ರೋಗಿಗಳಲ್ಲೇ ಸಾವು ಹೆಚ್ಚಿತ್ತು. ಯಾರು ಹೇಳಿದರೂ ಒತ್ತಾಯ ಮಾಡಬೇಡಿ.

ಮೂಡಿಗೆರೆ ತೋಟ:
ಸಿಸ್ಟರ್, ಈಗಷ್ಟೇ ಕೇಳಿದೆ. ಪಾಪೆ ಎರಡೂ ಸರಿಯಿವೆಯಂತೆ, ನೋವು ಮಾಡಿದರೆ ಕೈ ಎಳೆದುಕೊಳ್ತಾರಂತೆ. ಕಿವಿಯಿಂದ ಮಾತ್ರ ಸ್ವಲ್ಪ ತಿಳಿನೀರು ಬರ್ತಿದೆ. ಅತ್ತೆ ಹತ್ತಿ ತುರುಕೋಣ ಅಂತಿದ್ದಾರೆ.

ಹಾಸನ ಸಿಸ್ಟರ್:
ತುರುಕಬೇಡಿ! ಅದು ಮಿದುಳಿನ ಸುತ್ತಲ ದ್ರವ ಇರಬಹುದು, ತಡೆದರೆ ಸೋಂಕು ಒಳಗೇ ಹೋಗಬಹುದು. ಎಷ್ಟೋ ಸಲ ಕೆಲವು ದಿನದಲ್ಲಿ ತಾನೇ ನಿಲ್ಲುತ್ತೆ. ಈಗಲೇ ಡ್ಯೂಟಿ ಡಾಕ್ಟರಿಗೆ ತೋರಿಸಿ. ಕೈ ಎಳೆದುಕೊಳ್ತಾರೆ ಅಂದಿರಲ್ಲ, ಅದು ಒಳ್ಳೆ ಸೂಚನೆ, ಅಕ್ಕನಿಗೆ ತಪ್ಪದೇ ಹೇಳಿ.