‘ಚಿನ್ನದ ಅನುಪಾತ’ ಅಂದರೆ 916 ಅಲ್ಲ, ಹಾಗಾದರೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ಹತ್ತಿರ ಸಿಕ್ಕಿಬಿದ್ದಿದ್ದೇನೆ.

ಇಲ್ಲಿ ಉಡುಪಿಯಲ್ಲಿ ಒಂದು ಕನ್ನಡ ಮಾಧ್ಯಮ ಶಾಲೆಯ ಗೋಡೆ ಪತ್ರಿಕೆಗೆ ಫಿಬೊನಾಚಿ ಸಂಖ್ಯೆಗಳ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. 1, 1, 2, 3, 5, 8, 13, 21, 34... ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ಪ್ರತಿಯೊಂದನ್ನೂ ಅದರ ಹಿಂದಿನದರಿಂದ ಭಾಗಿಸುತ್ತಾ ಹೋದರೆ 1.618ರ ಹತ್ತಿರ ಬರುತ್ತದೆ. ಇಂಗ್ಲಿಷಿನಲ್ಲಿ ಗೋಲ್ಡನ್ ರೇಶಿಯೋ ಅನ್ನುವ ಅದಕ್ಕೆ ‘ಚಿನ್ನದ ಅನುಪಾತ’ ಅಂತ ಬರೆದೆ. ಹತ್ತನೇ ಕ್ಲಾಸಿನ ನಮ್ಮ ಅಕ್ಕನ ಮಗಳು ಓದಿ, “ಚಿಕ್ಕಮ್ಮ, ಚಿನ್ನದ್ದು 916 ಅಲ್ವಾ?” ಅಂದಳು.

ಅವಳದ್ದೇನು ತಪ್ಪು? ಆಭರಣದ ಅಂಗಡಿ ಬೋರ್ಡುಗಳಲ್ಲೆಲ್ಲ ಅದೇ ತಾನೇ. ಸಾವಿರದಲ್ಲಿ 916 ಪಾಲು ಚಿನ್ನ, ಉಳಿದದ್ದು ಬೆರಕೆ. ಅದೂ ಒಂದು ಲೆಕ್ಕಕ್ಕೆ ಅನುಪಾತವೇ. ‘ಸುವರ್ಣ ಅನುಪಾತ’ ಅಂದರೆ ಈ ಗೊಂದಲ ಇಲ್ಲ, ಅಂಗಡಿಗೆ ಹೋಗಿ ಯಾರೂ ಸುವರ್ಣ ಕೇಳುವುದಿಲ್ಲವಲ್ಲ. ಆದರೆ ನನಗೆ ಆಸೆ ‘ಹೊನ್ನಿನ ಪಾಲು’ ಮೇಲೆ. ಆಸ್ತಿ ಪಾಲು ಮಾಡಿದ ಹಾಗೆ ಕೇಳುತ್ತದೆ, ನಿಜ. ಆದರೆ ಹಳೆಯ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಹೇಳಿದ್ದು ಪಾಲು ಮಾಡುವುದನ್ನೇ: ಒಂದು ಗೆರೆಯನ್ನು ಎರಡು ಮಾಡಬೇಕು, ಇಡೀ ಗೆರೆಗೂ ದೊಡ್ಡ ತುಂಡಿಗೂ ಇರುವ ಅನುಪಾತವೇ ದೊಡ್ಡದಕ್ಕೂ ಸಣ್ಣದಕ್ಕೂ ಇರಬೇಕು. 1835ರಲ್ಲಿ ಜರ್ಮನ್ ಪುಸ್ತಕವೊಂದರಲ್ಲಿ ಬಂದ ಹೆಸರಿನಲ್ಲೂ ‘ಚಿನ್ನದ ಕತ್ತರಿಕೆ’ ಅಂತಲೇ ಇದೆ.

ಗೆಳತಿಯೊಬ್ಬಳು ‘ಫಿಬೊನಾಚಿ ಅನುಪಾತ’ ಅಂತ ಹಾಕಿ ಮುಗಿಸು ಅಂದಳು. ಅದು ಬೇಡ. ಇಟಲಿಯ ಗಣಿತಜ್ಞ ಫಿಬೊನಾಚಿಯ ಪುಸ್ತಕ 1202ರದ್ದು, ಯೂಕ್ಲಿಡ್ ಅದಕ್ಕಿಂತ ಸಾವಿರದ ಐನೂರು ವರ್ಷ ಹಿಂದಿನವನು. ಸಾಲದ್ದಕ್ಕೆ ನಮ್ಮ ಹುಡುಗಿ ಮನೆ ನಂಬರ್ 7, ತನ್ನ ವಯಸ್ಸು 15 ಹಿಡಿದು ಸುಮ್ನೆ ಕೂಡಿಸುತ್ತಾ ಹೋದಳು: 22, 37, 59, 96, 155, 251, 406. ಕೊನೆಯ ಎರಡನ್ನು ಭಾಗಿಸಿದರೆ 1.6175! ಕೂಡಿಸುವ ಕ್ರಮದಿಂದ ಬರುವ ಗುಣ ಅದು, 1, 1ರಿಂದಲೇ ಶುರುವಾಗಬೇಕು ಅಂತೇನಿಲ್ಲ.

ಫಿಬೊನಾಚಿಗೂ ಮೊದಲೇ ನಮ್ಮ ಜೈನ ವಿದ್ವಾಂಸ ಹೇಮಚಂದ್ರ ಈ ಸಂಖ್ಯೆಗಳನ್ನು ಛಂದಸ್ಸಿನಲ್ಲಿ ಹೇಳಿದ್ದ. ಲಘು ಒಂದು ಮಾತ್ರೆ, ಗುರು ಎರಡು. ಮೂರು ಮಾತ್ರೆಯ ಗಣ ಮೂರು ಥರ: ಲಲಲ, ಲಗ, ಗಲ. ನಾಲ್ಕರದ್ದು ಐದು: ಲಲಲಲ, ಗಲಲ, ಲಗಲ, ಲಲಗ, ಗಗ. ಐದರದ್ದು ಎಂಟು. ಏಳಕ್ಕೆ ಬಂದರೆ 21. ಯಕ್ಷಗಾನ ಕೇಳುವವರಿಗೆ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ಗಣಗಳು ಗೊತ್ತೇ ಇವೆ, ಎರಡೂ ಸೇರಿದರೆ ಏಳು. ಅಲ್ಲಿ ಮೂರಕ್ಕೆ ಗಣ ಮುರಿಯಬೇಕಾದ್ದರಿಂದ ಮೂರೈದಲ ಹದಿನೈದೇ ಸಿಗುತ್ತದೆ. ಉಳಿದ ಆರರಲ್ಲಿ ಒಂದು ಗುರು ಗಡಿಯ ಮೇಲೆ ಕಾಲು ಚಾಚಿ ಕೂತಿರುತ್ತದೆ. (ಲಗದಿಂದ ಶುರುವಾಗುವ ಗಣ ಸಲ್ಲದು ಅನ್ನುವವರಿಗೆ ಇನ್ನೂ ಕಡಿಮೆ.) ಇದನ್ನು ಪುಟಕ್ಕೆ ಹಾಕೇ ಹಾಕುತ್ತೇನೆ, ಕನ್ನಡ ಮೇಷ್ಟ್ರಿಗೂ ಖುಷಿಯಾಗಲಿ.

ಈಗ ಎರಡನೇ ಪದ, ನಿಜವಾದ ತಲೆನೋವು. ಭಾಗಿಸಿದ ಉತ್ತರಗಳು ಹೀಗೆ ಬರುತ್ತವೆ: 1.6, 1.625, 1.615, 1.619. ಒಮ್ಮೆ ಕೆಳಗೆ, ಒಮ್ಮೆ ಮೇಲೆ, ಪ್ರತಿ ಸಲ ಇನ್ನಷ್ಟು ಹತ್ತಿರ. ಮುಟ್ಟುವುದು ಮಾತ್ರ ಎಂದಿಗೂ ಇಲ್ಲ, ಯಾಕೆಂದರೆ ಆ ಸಂಖ್ಯೆಯಲ್ಲಿ ಐದರ ವರ್ಗಮೂಲ ಇದೆ, ಎರಡು ಪೂರ್ಣಸಂಖ್ಯೆಗಳ ಭಾಗಾಕಾರವಾಗಿ ಅದು ಸಿಗುವುದೇ ಇಲ್ಲ. ಇಂಗ್ಲಿಷಿನಲ್ಲಿ ‘ಕನ್ವರ್ಜ್’ ಅನ್ನುವ ಈ ಕ್ರಿಯೆಗೆ ಕನ್ನಡದಲ್ಲಿ ಏನನ್ನೋಣ? ‘ಒಮ್ಮುಖವಾಗು’ ಅಂದರೆ ಒಂದೇ ದಿಕ್ಕಿನಲ್ಲಿ ಹೋದ ಹಾಗೆ, ಒನ್‌ವೇ ರಸ್ತೆಯ ನೆನಪು. ‘ಅಭಿಸರಿಸು’ ಅಂತಲೂ ಒಂದು ಕಡೆ ನೋಡಿದೆ. ಅಭಿಸಾರಿಕೆ ಕೊನೆಗೆ ನಲ್ಲನನ್ನು ಸೇರುತ್ತಾಳೆ, ಇದು ಸೇರುವುದಿಲ್ಲ! ಹತ್ತನೇ ಕ್ಲಾಸಿಗೆ ಆ ಪದ ವಿವರಿಸಲು ನನಗೆ ಧೈರ್ಯವೂ ಸಾಲದು.

ಹಳೆಯ ತಕ್ಕಡಿಯ ಮುಳ್ಳು ಆಚೆ ಈಚೆ ತೂಗುತ್ತಾ ನಡುವಿಗೆ ಬರುತ್ತದಲ್ಲ, ಸರಿಸುಮಾರು ಹಾಗೆ. ಅಂಗಡಿಯವರು, ಅಕ್ಕಸಾಲಿಗರು ಅದಕ್ಕೆ ಏನಾದರೂ ಮಾತು ಬಳಸುತ್ತಿದ್ದರೇ? ಕುಂದಾಪುರದ ಕಡೆಯವರು, ಘಟ್ಟದ ಮೇಲಿನವರು ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಪುಟ ಶುಕ್ರವಾರ ಅಂಟಿಸಬೇಕು. ಅಷ್ಟರೊಳಗೆ ಏನೂ ಸಿಗದಿದ್ದರೆ ‘ಹತ್ತಿರವಾಗುತ್ತಾ ಹೋಗುತ್ತದೆ’ ಅಂತಲೇ ಬರೆಯುತ್ತೇನೆ.