ಫಿಟ್ಸ್ ಮಾತ್ರೆಯಿಂದ ಮೂಳೆ ಸವೆಯುತ್ತಾ?

ಪ್ರಶ್ನೆ:
ಅಮ್ಮನಿಗೆ 58 ವರ್ಷ. ಫಿಟ್ಸ್‌ಗೆ 19 ವರ್ಷದಿಂದ ಫೆನಿಟಾಯಿನ್ ತಗೊಳ್ಳುತ್ತಿದ್ದಾರೆ. ಹೋದ ತಿಂಗಳು ಬಚ್ಚಲಲ್ಲಿ ಸುಮ್ನೆ ಕೈ ಊರಿದ್ದಕ್ಕೇ ಮಣಿಕಟ್ಟು ಮುರಿಯಿತು. ಬಿದ್ದಿರಲೂ ಇಲ್ಲ. ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಎಡಗೈಯಲ್ಲಿ ಮುದ್ದೆ ಮುರಿಯಲು ಒದ್ದಾಡುವುದು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ರಿಪೋರ್ಟಲ್ಲಿ ವಿಟಮಿನ್ ಡಿ ಬರೀ 9. ಮಾತ್ರೆ ನಿಲ್ಲಿಸಿಬಿಡಲಾ?

ಉತ್ತರ 1:
ದಯವಿಟ್ಟು ನಿಲ್ಲಿಸಬೇಡಿ! ಒಮ್ಮೆಲೇ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬರಬಹುದು, ಜೀವಕ್ಕೇ ಅಪಾಯ. ನನ್ನ ತಮ್ಮನಿಗೂ ಇದೇ ಮಾತ್ರೆ ಇತ್ತು. ಇದನ್ನು ತುಂಬಾ ವರ್ಷ ತಗೊಂಡರೆ ಲಿವರ್ ವಿಟಮಿನ್ ಡಿಯನ್ನು ಬೇಗ ಬೇಗ ಕರಗಿಸಿಬಿಡುತ್ತದೆ. ಡಿ ಇಲ್ಲದೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ, ಮೂಳೆ ಸವೆಯುತ್ತದೆ. ಫಿಟ್ಸ್‌ಗೆ ಕೊಡುವ ಬೇರೆ ಮಾತ್ರೆಗಳಾದ ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್‌ದೂ ಇದೇ ಕಥೆ. ನರರೋಗದ ಡಾಕ್ಟರ ಹತ್ತಿರ ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಸವೆದಿದೆ ಅಂತ ನೋಡುವ ಪರೀಕ್ಷೆ) ಬಗ್ಗೆ ಕೇಳಿ. ಮಾತ್ರೆ ಬದಲಿಸುವುದಿದ್ದರೂ ಅವರೇ ನಿಧಾನವಾಗಿ ಬದಲಿಸಬೇಕು.

ಉತ್ತರ 2:
ಮುದ್ದೆ ಬಿಡಿಸಬೇಡಿ, 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಆದರೆ ಅದೊಂದೇ ಸಾಲದು ಅಲ್ವಾ. 60,000 ಯೂನಿಟ್ಟಿನ ಡಿ ಪುಡಿ ಕೊಟ್ಟರೆ ಎಷ್ಟು ದಿನಕ್ಕೊಂದು ಅಂತ ಸರಿಯಾಗಿ ಕೇಳಿಕೊಳ್ಳಿ. ನಮ್ಮತ್ತೆ ವಾರದ್ದನ್ನು ದಿನಾ ಕುಡಿದು ಆಸ್ಪತ್ರೆ ಸೇರಿದ್ದರು.

ಪ್ರಶ್ನೆ ಕೇಳಿದವರು:
ಒಳ್ಳೆಯದಾಯಿತು, ಕೇಳಿದ್ದು. ಇವತ್ತು ರಾತ್ರಿಯ ಮಾತ್ರೆ ಕೊಟ್ಟೆ. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸುತ್ತಿದ್ದೇನೆ.