ಗೋ 1.22 ಕಟ್ಟಲು ಹೊರಟರೆ 1.4ರಲ್ಲೇ ನಿಲ್ಲುತ್ತಿದೆ

ಹಸಿಮಣ್ಣು: ಮೂರು ರಾತ್ರಿ ಹೋಯಿತು. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್ (ಮೂಲವನ್ನು ಗಣಕ ಓಡಿಸುವ ರೂಪಕ್ಕೆ ತಿರುಗಿಸುವ ತಂತ್ರಾಂಶ) ಗೋದಲ್ಲೇ ಬರೆದದ್ದು. ಹೊಸದನ್ನು ಕಟ್ಟಲು ಹಳೆಯದು ಬೇಕಾದ್ದರಿಂದ, ಸಿ ಭಾಷೆಯಲ್ಲಿ ಬರೆದ ಕೊನೆಯ ಆವೃತ್ತಿಯಾದ 1.4ರಿಂದ ಒಂದೊಂದೇ ಮೆಟ್ಟಿಲು ಹತ್ತಲು ಹೊರಟಿದ್ದೇನೆ. ಯಾರೋ ಕಟ್ಟಿಟ್ಟ ಬೈನರಿ, ಅಂದರೆ ಸಿದ್ಧ ಕಡತ, ನನಗೆ ಬೇಡ. ಆದರೆ 1.4 ಶುರುವಾದ ಕ್ಷಣಕ್ಕೇ ಬೀಳುತ್ತದೆ. ಸಿ ಕಂಪೈಲರ್ ಜಿಸಿಸಿ ಹೊಸದು, ಡಿಸ್ಕ್‌ನಲ್ಲಿ ಜಾಗವಿದೆ. ಇನ್ನೇನು ಬೇಕು ಇದಕ್ಕೆ?

ತೇಪೆ: ಹೊಸ ಜಿಸಿಸಿಯದ್ದೇ ತಕರಾರು. ಗೋದೊಳಗೆ ಸಿ ಬೆರೆಸಲು ಬಿಡುವ ಸಿಗೋ_ಎನೇಬಲ್ಡ್ ಆಯ್ಕೆಯನ್ನು ಸೊನ್ನೆ ಮಾಡಿ.

ಹಸಿಮಣ್ಣು: ಮಾಡಿದೆ. ಅದೇ ಕತೆ.

ತೇಪೆ: ಎಚ್ಚರಿಕೆಯನ್ನೂ ದೋಷವೆಂದು ಎಣಿಸುವ ವೆರರ್ ಆಯ್ಕೆಯನ್ನು ತೆಗೆಯಿರಿ. ಆಗದಿದ್ದರೆ ಹಳೆಯ ಜಿಸಿಸಿ ಹಾಕಿ.

ಹಸಿಮಣ್ಣು: ಎರಡೂ ಆಯಿತು. ಇಲ್ಲ.

ತೇಪೆ: ಇನ್ನೂ ಹಳೆಯದು ಹಾಕಿ.

ಬೀಜಾಕ್ಷರ: ಆ ಜಿಸಿಸಿಯೂ ಯಾರೋ ಕಟ್ಟಿದ ಬೈನರಿಯೇ ಅಲ್ಲವೇ? ಮೂಲದಲ್ಲಿ ಸುಳಿವೇ ಇಲ್ಲದ ಕಳ್ಳಬಾಗಿಲು ಕಂಪೈಲರಿನಿಂದ ಕಂಪೈಲರಿಗೆ ದಾಟಬಲ್ಲದೆಂದು ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಲ್ಲೇ ತೋರಿಸಿದ್ದಾರೆ. ನನ್ನ ಗಣಕದಲ್ಲಿ ಗ್ನೂ ಗೀಕ್ಸ್ ಎಂಬ ಲಿನಕ್ಸ್ ವಿತರಣೆ ಇದೆ. ಅದರ ಕಟ್ಟುವ ಸರಪಳಿ 357 ಬೈಟ್‌ಗಳ ಬೀಜ ಬೈನರಿಯಿಂದ ಜಿಸಿಸಿವರೆಗೆ ಬೆಳೆಯುತ್ತದೆ.

ತೇಪೆ: ಅವರು ಕೇಳಿದ್ದು ಅದನ್ನಲ್ಲ.

ಬೀಜಾಕ್ಷರ: ಬೈನರಿ ಬೇಡವೆಂದವರು ಅವರೇ.

ಸಾಣೆ: ದೋಷದ ಸಾಲನ್ನು ಯಾರೂ ಕೇಳಲೇ ಇಲ್ಲ. ಕೊನೆಯ ಸಾಲನ್ನು ಇದ್ದ ಹಾಗೆ ಹಾಕಿ.

ಹಸಿಮಣ್ಣು: ‘ಗೊತ್ತಿಲ್ಲದ ಆರ್ಕಿಟೆಕ್ಚರ್: ಎಆರ್ಚ್64’ ಎನ್ನುತ್ತದೆ. ಎಆರ್ಚ್64 ಎಂದರೆ 64 ಬಿಟ್ ಆರ್ಮ್ ಪ್ರೊಸೆಸರ್; ನನ್ನದು ಅಂಗೈಯಗಲದ ಆರ್ಮ್ ಬೋರ್ಡ್. ಲಿನಕ್ಸ್ ಎಲ್ಲಿದ್ದರೂ ಲಿನಕ್ಸೇ ಎಂದುಕೊಂಡು ಬರೆದಿರಲಿಲ್ಲ.

ಸಾಣೆ: ಗಂಟು ಅಲ್ಲೇ ಇದೆ. 64 ಬಿಟ್ ಆರ್ಮ್‌ಗೆ ಗೋ ಬಂದದ್ದು 2015ರ 1.5ರಲ್ಲಿ, ಕಂಪೈಲರ್ ಸಿ ಬಿಟ್ಟು ಗೋಗೆ ಬದಲಾದ ಅದೇ ಆವೃತ್ತಿಯಲ್ಲಿ. ಅಂದರೆ ನಿಮ್ಮ ಬೋರ್ಡಿಗೆ ಸಿ ಮೆಟ್ಟಿಲು ಇರಲೇ ಇಲ್ಲ. ಯಾವ ಜಿಸಿಸಿ ಹಾಕಿದರೂ ಅದು ಹುಟ್ಟುವುದಿಲ್ಲ. ಎಕ್ಸ್86 (ಇಂಟೆಲ್, ಎಎಂಡಿ ಬಗೆಯ) ಗಣಕವೊಂದರಲ್ಲಿ 1.4 ಕಟ್ಟಿ, ಅದರಿಂದ 1.17.13 ಕಟ್ಟಿ. ಬಳಿಕ ಯಾವ ಗಣಕಕ್ಕೆ ಕಟ್ಟಬೇಕೆಂದು ಹೇಳುವ ಗೋಓಎಸ್‌ಗೆ ಲಿನಕ್ಸ್, ಗೋಆರ್ಚ್‌ಗೆ ಆರ್ಮ್64 ಕೊಟ್ಟು, ಎಸ್‌ಆರ್‌ಸಿ ಕಡತಕೋಶದ ಬೂಟ್‌ಸ್ಟ್ರ್ಯಾಪ್.ಬ್ಯಾಶ್ ಓಡಿಸಿ. ಪಕ್ಕದಲ್ಲೇ ಹುಟ್ಟುವ ಕೋಶವನ್ನು ಬೋರ್ಡಿಗೆ ಸಾಗಿಸಿ, ಗೋರೂಟ್_ಬೂಟ್‌ಸ್ಟ್ರ್ಯಾಪ್‌ನಲ್ಲಿ ಅದರ ದಾರಿ ತೋರಿಸಿ.

ತೇಪೆ: ಎಕ್ಸ್86ರಲ್ಲೂ ಸಿಗೋ ಸೊನ್ನೆಯೇ ಇರಲಿ.

ಹಸಿಮಣ್ಣು: ಬೋರ್ಡಿನಲ್ಲಿ 1.17.13 ಉಸಿರಾಡುತ್ತಿದೆ! ಕುಣಿಯುವಷ್ಟು ಸಂತೋಷವಾಯಿತು. ಆದರೆ ಅದರಿಂದ 1.22 ಕಟ್ಟಹೋದರೆ 1.20.6 ಅಥವಾ ಅದಕ್ಕಿಂತ ಹೊಸದು ಬೇಕು ಎನ್ನುತ್ತಿದೆ.

ಸಾಣೆ: ನಡುವಿನ ಮೆಟ್ಟಿಲು ಬಿಟ್ಟಿರಿ. 1.17ರಿಂದ 1.20ರ ಕೊನೆಯ ಬಿಡುಗಡೆ, ಅದರಿಂದ 1.22.

ಬೀಜಾಕ್ಷರ: ಆ ಎಕ್ಸ್86ರ ಜಿಸಿಸಿ ಎಲ್ಲಿಂದ ಬಂತು?

ಹಸಿಮಣ್ಣು: 1.20 ಓಡುತ್ತಿದೆ. ಬೋರ್ಡ್ ಮುಟ್ಟಿದರೆ ಕೈ ಸುಡುತ್ತದೆ.